ನಾಲೆಯಿಂದ ಎದ್ದು ಬಂದ ದೇವರುಗಳು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಕುಂಬಾರಕೊಪ್ಪಲಿನಲ್ಲಿರುವ ನನ್ನ ಅಂಗಡಿಯೋ, ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಚಿಕ್ಕದು. ಅದರೊಳಗೆ ಬೆಳಗಿಂದ ಸಂಜೆಯವರೆಗೆ ದೇವರ ಫೋಟೋಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ಗಾಜು ಕೊಯ್ಯುವಾಗ ಮಾತ್ರ ಮೈ ಅಲುಗಾಡದೆ ನಿಲ್ಲುತ್ತದೆ, ಉಳಿದ ಹೊತ್ತೆಲ್ಲ ಕಾಲು ಕುಣಿಯುತ್ತಲೇ ಇರುತ್ತದೆ. "ಅಷ್ಟೊಂದು ಮೊಳೆ ಇಟ್ಕೊಂಡಿದ್ದೀರಲ್ಲ, ನಿಮ್ಮ ಕಾಲಿಗೂ ಒಂದು ಹೊಡ್ಕೊಳ್ಳಿ" ಎಂದು ಹೆಂಡತಿ ಹೇಳುತ್ತಿರುತ್ತಾಳೆ. ಭಾನುವಾರ ಅಂಗಡಿಗೆ ರಜೆ. ಆ ದಿನ ನನ್ನನ್ನು ಮನೆಯಲ್ಲಿ ಸಹಿಸಿಕೊಳ್ಳುವುದು ಅವಳಿಗೆ ದೊಡ್ಡ ಶಿಕ್ಷೆ. ಅದಕ್ಕೇ ಎದುರು ಮನೆಯ ಟೀಚರಮ್ಮ ಬಂದು, "ಭಾನುವಾರ ಹಳೇ ನಾಲೆ ಕ್ಲೀನ್ ಮಾಡ್ತಿದ್ದೀವಿ, ಬರ್ತೀರಾ?" ಎಂದು ನನ್ನನ್ನು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು, "ಬರ್ತಾರೆ, ಕರ್ಕೊಂಡೋಗಿ" ಎಂದುಬಿಟ್ಟಳು.

ಟೀಚರಮ್ಮ ಕಾನ್ವೆಂಟಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿಕೊಂಡು, ಚರ್ಚಿನ ಸೀರೆ ಬದಲಾಯಿಸಿ, ಗಂಡನ ಹಳೆಯ ಶರಟು ತೊಟ್ಟು ಸ್ಕೂಟರಿನಲ್ಲಿ ನಾಲೆಗೆ ಬಂದುಬಿಡುತ್ತಿದ್ದರು. ನಾಲೆ ಇರುವುದು ಇಲವಾಲದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಯಾವ ಕಾಲದ್ದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಳೆನೀರು ಅದರಲ್ಲಿ ಹರಿದು ಕೆಳಗಿನ ಕಟ್ಟೆಗೆ, ಅಂದರೆ ಒಂದು ಪುಟ್ಟ ಕೆರೆಗೆ ಸೇರಬೇಕು. ವರ್ಷಗಳಿಂದ ಸೇರಿರಲಿಲ್ಲ. ನಾಲೆಯ ತುಂಬ ಹೂಳು, ಲಂಟಾನ, ಪ್ಲಾಸ್ಟಿಕ್ಕು, ಮನೆ ಕೆಡವಿದವರು ತಂದು ಸುರಿದ ಗಾರೆ. ಕಟ್ಟೆಯ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಆ ನಾಲೆಯನ್ನು ಮುಚ್ಚಿ ಮೇಲೆ ಸ್ಲ್ಯಾಬ್ ಎಳೆದು ರಸ್ತೆ ಮಾಡುವ ಯೋಚನೆ ಪಾಲಿಕೆ ಆಫೀಸಿನವರಿಗಿತ್ತು. ಟೀಚರಮ್ಮ ಹೋಗಿ ಅಂಗಲಾಚಿದ ಮೇಲೆ ಇಂಜಿನಿಯರ್ ಒಂದು ಮಾತು ಕೊಟ್ಟಿದ್ದರಂತೆ. "ಈ ಮಳೆಗಾಲ ನೋಡ್ತೀವಿ ಮೇಡಂ. ನೀರು ಕಟ್ಟೆಗೆ ಸೇರಿದ್ರೆ ನಾಲೆ ಉಳ್ಕೊಳ್ಳುತ್ತೆ. ಇಲ್ಲಾಂದ್ರೆ ಮುಚ್ಚಿಬಿಡ್ತೀವಿ." ಅಷ್ಟೇ. ನಮಗಿದ್ದದ್ದು ಒಂದೇ ಮಳೆಗಾಲ, ಅದರಲ್ಲೂ ಭಾನುವಾರಗಳು ಮಾತ್ರ.

ಟೀಚರಮ್ಮನಿಗೆ ನೀರುಹಕ್ಕಿಗಳ ಹುಚ್ಚು, ನನಗೆ ಹಕ್ಕಿಪಕ್ಕಿಯ ಗಂಧವೂ ಇರಲಿಲ್ಲ. ಆದರೆ ಶುರು ಮಾಡಿದ ಕೆಲಸ ಅರ್ಧಕ್ಕೆ ನಿಂತರೆ ಅನ್ನ ಸೇರದ ಮನುಷ್ಯ ನಾನು. ಬಂದವರೆಲ್ಲ ಒಂದು ಬಾಂಡ್ಲಿ ಮಣ್ಣು ಹೊತ್ತು ಎರಡು ಸಲ ಟೀ ಕುಡಿಯುವುದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಉರಿಸಿದ್ದು ಟೀಚರಮ್ಮನೇ. ನಾನು ಭರಭರನೆ ಜೊಂಡು ಕತ್ತರಿಸುತ್ತಾ ಹೋದರೆ, "ನಿಲ್ಸಿ, ನಿಲ್ಸಿ! ಒಂದು ಮಗ್ಗುಲು ಹಾಗೇ ಬಿಡಿ, ಹುಂಡುಕೋಳಿ ಗೂಡು ಕಟ್ಟಿದೆ" ಎಂದು ಅಡ್ಡ ನಿಲ್ಲುವರು. "ಕೋಳಿ ನೋಡ್ತಾ ಕೂತ್ರೆ ಸ್ಲ್ಯಾಬ್ ಹಾಕ್ತಾರೆ ಕಣ್ರೀ" ಎಂದು ನಾನು ಕೂಗುವೆ. "ಕೋಳಿ ಇಲ್ದಿದ್ರೆ ಸ್ಲ್ಯಾಬ್ ಹಾಕ್ಲಿ ಬಿಡಿ, ಯಾರಿಗೆ ಬೇಕು ಬರೀ ಚರಂಡಿ" ಎಂದು ಅವರು. ಅಂತೂ ಒಂದು ಮಗ್ಗುಲು ಜೊಂಡು ಉಳಿಯಿತು.

ಹೀಗೆ ಜಗಳವಾಡುತ್ತಲೇ ಮೋರಿಯವರೆಗೆ ಬಂದೆವು. ನಾಲೆ ಅಲ್ಲಿ ಒಂದು ಗಾಡಿದಾರಿಯ ಕೆಳಗೆ ನುಸುಳುತ್ತದೆ. ಕಲ್ಲಿನ ಮೋರಿ, ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ. ಅದನ್ನು ಬಿಡಿಸಿಕೊಂಡರೆ ಆಚೆಗೆ ಇಳಿಜಾರು, ನೀರು ತಾನೇ ಕಟ್ಟೆಗೆ ಓಡುತ್ತದೆ. ನಾನು ಮೋರಿಯ ಬಾಯಿಗೆ ಹಾರೆ ಹಾಕಿದೆ. ಚರಕ್ ಎಂದಿತು. ಆ ಸದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಗಾಜು! ಕೈ ಹಾಕಿ ಎಳೆದರೆ ಕೆಸರು ಮೆತ್ತಿದ ಲಕ್ಷ್ಮಿ. ಅವಳ ಹಿಂದೆ ವೆಂಕಟರಮಣ, ಅವನ ಹಿಂದೆ ಸೊಂಡಿಲು ಅಳಿಸಿಹೋದ ಗಣಪತಿ, ಒಂದರ ಮೇಲೊಂದು ಅಂಟಿಕೊಂಡ ಕಟ್ಟುಗಳು. ಕೊನೆಗೆ ಕೈ ಮುರಿದ ಒಂದು ಮೇರಿ ಮಾತೆಯ ಪ್ರತಿಮೆ. ಟೀಚರಮ್ಮ ಅದನ್ನು ಎತ್ತಿಕೊಂಡು, "ಅಯ್ಯೋ, ನಮ್ಮೋರೂ ಹಾಕಿದ್ದಾರಲ್ರೀ" ಎಂದರು.

ಹಳೆಯದಾದ, ಒಡೆದ ದೇವರ ಫೋಟೋವನ್ನು ನಮ್ಮ ಜನ ಕಸಕ್ಕೆ ಹಾಕುವುದಿಲ್ಲ. ಅರಳಿಮರದ ಬುಡದಲ್ಲಿ ಇಡುತ್ತಾರೆ, ಇಲ್ಲ ಹರಿವ ನೀರಿಗೆ ಬಿಡುತ್ತಾರೆ. ಈ ನಾಲೆಯಲ್ಲಿ ನೀರು ಹರಿಯುವುದು ನಿಂತು ಯಾವ ಕಾಲವಾಯಿತೋ. ಆದರೂ ಹೆಸರು ನಾಲೆ ತಾನೆ, ಅಷ್ಟು ಸಾಕಾಗಿತ್ತು. ಕಟ್ಟುಗಳ ಬೆನ್ನು ತಿರುಗಿಸಿ ನೋಡಿದೆ. ಮೂಲೆಗೆ ಜೋಡಿ ಮೊಳೆ ಹೊಡೆಯುವುದು ನಮ್ಮಪ್ಪ ಕಲಿಸಿದ ರೀತಿ, ಈ ಕಡೆ ಬೇರೆ ಯಾರೂ ಹಾಗೆ ಹೊಡೆಯುವುದಿಲ್ಲ. ಅರ್ಧಕ್ಕರ್ಧ ಕಟ್ಟುಗಳಿಗೆ ಜೋಡಿ ಮೊಳೆಗಳಿದ್ದವು. ನೀರಿಗೆ ಅಡ್ಡ ಕೂತಿದ್ದವರಿಗೆ ಕಟ್ಟು ಹಾಕಿದವನು ನಾನೇ! ನಗು ಬಂತು, ಆಮೇಲೆ ಒಂಥರಾ ಕಸಿವಿಸಿಯಾಯಿತು.

ಕಸದ ಟ್ರ್ಯಾಕ್ಟರ್ ದಾರಿಯಲ್ಲಿ ನಿಂತಿತ್ತು. "ಹಾಕ್ರಪ್ಪ ಅದಕ್ಕೆ, ಮೋಡ ಬೇರೆ ಕಟ್ಟಿದೆ" ಎಂದೆ. ಯಾರೂ ಅಲುಗಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, "ನೀವೇ ಹಾಕಿ ಸ್ವಾಮಿ" ಎಂದರು. ಹಾಕೇ ಹಾಕುತ್ತೇನೆ ಎಂದು ಲಕ್ಷ್ಮಿಯನ್ನು ಎತ್ತಿಕೊಂಡು ಹೋದೆ. ಟ್ರ್ಯಾಕ್ಟರಿನಲ್ಲಿ ಕೊಳೆತ ಹಾಸಿಗೆ, ಮಕ್ಕಳ ಹೇಸಿಗೆ ಬಟ್ಟೆ. ಕೈ ಏಳಲಿಲ್ಲ. ವಾಪಸ್ ಬಂದೆ. ಒಂದು ವಾರದ ಮಟ್ಟಿಗೆ ಇರಲಿ ಎಂದು ಏರಿಯ ಮೇಲಿನ ಅರಳಿಮರಕ್ಕೆ ಎಲ್ಲವನ್ನೂ ಒರಗಿಸಿಟ್ಟೆವು. ಒಬ್ಬರು ನೀರು ಸುರಿದು ತೊಳೆದರು, ನಾನು ಟವೆಲಿನಿಂದ ಒರೆಸಿದೆ, ಯಾರೋ ಕಣಗಿಲೆ ಹೂ ಕಿತ್ತು ಇಟ್ಟರು. ಎಲ್ಲರೂ ಒಮ್ಮೆ ಕೈ ಮುಗಿದೆವು. ಅಲ್ಲೇ ಕೆಟ್ಟಿದ್ದು.

ಮುಂದಿನ ಭಾನುವಾರ ಹೋದರೆ ಎಲ್ಲ ಫೋಟೋಗಳಿಗೂ ಅರಿಶಿನ ಕುಂಕುಮ, ಊದುಬತ್ತಿಯ ಹೊಗೆ. ಅದರ ಮುಂದಿನ ವಾರ ನಾಲ್ಕು ಕಂಬ, ಮೇಲೊಂದು ತಗಡು. ಆಮೇಲಿನ ವಾರ ಇಟ್ಟಿಗೆ ಬಂದು ಬಿದ್ದಿತ್ತು. ಏರಿಯನ್ನು ಅಗೆದು ಪಾಯ ತೋಡಿದ್ದರು, ತೋಡಿದ ಮಣ್ಣನ್ನೆಲ್ಲ ನಾವು ಬಿಡಿಸಿದ್ದ ಮೋರಿಯ ಬಾಯಿಗೇ ಸುರಿದಿದ್ದರು. ಪಾಯದ ಪಕ್ಕ ಬಿಳಿ ಪಂಚೆ ಉಟ್ಟ ಯಜಮಾನರೊಬ್ಬರು ನಿಂತಿದ್ದರು. ಅಲ್ಲೇ ಹಿಂದಿನ ಬೀದಿಯವರು.

"ಏನ್ರೀ ಇದು?" ಎಂದೆ.

"ಗುಡಿ. ದೇವ್ರು ತಾನಾಗೇ ನಾಲೆಯಿಂದ ಎದ್ದು ಬಂದವ್ನೆ. ಅಂಗೇ ಬಿಸಿಲಲ್ಲಿ ಬುಡಕ್ಕಾಯ್ತದಾ?"

ನನ್ನ ಪಿತ್ತ ನೆತ್ತಿಗೇರಿತು. "ತಾನಾಗಿ ಎಲ್ರೀ ಎದ್ದ? ನಾನು ಹಾರೆ ಹಾಕಿ ಎತ್ತಿದ್ದು! ಸೊಂಟ ಬಿದ್ದೋಗಿದೆ ನಂದು!"

"ನಿಮ್ ಕೈಲಿ ಎತ್ತಿಸ್ಕೊಂಡ" ಎಂದರು ಅವರು ತಣ್ಣಗೆ.

ಮಳೆ ಯಾವ ಗಳಿಗೆಯಲ್ಲಾದರೂ ಹಿಡಿಯುವಂತಿತ್ತು, ಈ ಸಲದ ದೊಡ್ಡ ಮಳೆಗಳು ಇನ್ನು ಕೆಲವೇ ಉಳಿದಿದ್ದವು. ನೀರು ಈ ಮಣ್ಣಿಗೆ ಬಂದು ನಿಂತರೆ ನಾಲೆಯ ಕಥೆ ಮುಗಿಯಿತು. "ಭಿನ್ನ ಆದ ದೇವ್ರಿಗೆ ಪೂಜೆ ಉಂಟೇನ್ರೀ? ಒಂದಕ್ಕಾದ್ರೂ ನೆಟ್ಟಗೆ ಗಾಜಿದೆಯಾ? ಒಡೆದಿದ್ದಕ್ಕೇ ಜನ ತಂದು ಬಿಸಾಕಿದ್ದು. ನೋಡಿ ಇಲ್ಲಿ, ಜೋಡಿ ಮೊಳೆ, ಇದನ್ನ ಕಟ್ಟಿದವನೇ ನಾನು" ಎನ್ನುತ್ತಾ ಕೈಗೆ ಸಿಕ್ಕಿದ ಒಂದು ಚಾಮುಂಡಿಯ ಫೋಟೋವನ್ನು ಎತ್ತಿದೆ.

"ಅದನ್ನ ಮುಟ್ಬೇಡಿ!" ಯಜಮಾನರು ಚೀರಿದರು. ಮುನ್ನುಗ್ಗಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗೆ ಅವುಚಿಕೊಂಡರು. ಎದೆಗೆಲ್ಲ ಕುಂಕುಮ ಮೆತ್ತಿಕೊಂಡಿತು.

ಟೀಚರಮ್ಮ ಹತ್ತಿರ ಬಂದು, "ಯಜಮಾನ್ರೇ, ಅದು ನಿಮ್ಮ ಮನೇದಾ?" ಎಂದು ಮೆಲ್ಲಗೆ ಕೇಳಿದರು.

ಅವರು ಇಟ್ಟಿಗೆಯ ರಾಶಿಯ ಮೇಲೆ ಕೂತರು. "ನಮ್ಮನೆಯವಳು ದಿನಾ ಇದರ ಮುಂದೆ ದೀಪ ಹಚ್ಚೋಳು. ಅವಳು ಹೋದ್ಮೇಲೆ ನೋಡಕ್ಕೇ ಆಗ್ಲಿಲ್ಲ ಕಣಮ್ಮ. ನೀರಿಗೆ ಬುಡೋಣ ಅಂತ ಇಲ್ಲಿಗೆ ತಂದೆ. ನೀರೆಲ್ಲಿತ್ತು? ಕೊಚ್ಚೆ. ಯಾರಾದ್ರೂ ನೋಡ್ಬುಟ್ಟಾರು ಅಂತ ಅದರೊಳಕ್ಕೇ ತಳ್ಬುಟ್ಟು ಮನೆಗೋದೆ. ಆವತ್ತಿಂದ ನೆಟ್ಟಗೆ ಒಂದು ತುತ್ತು ಇಳಿದಿಲ್ಲ. ಈಗ ನೋಡಿದ್ರೆ ಮರದ ಕೆಳಗೆ ತೊಳ್ಕೊಂಡು ಕೂತವ್ಳೆ. ಇನ್ನೊಂದ್ ಸಲ ಎಂಗೆ ಬುಡ್ಲಿ?"

ಅವರಿಗೆ ಬೇಕಾಗಿದ್ದದ್ದು ಗುಡಿಯಲ್ಲ, ಅದು ಎಂಥ ಮಂಕನಿಗೂ ಗೊತ್ತಾಗುತ್ತಿತ್ತು. ಆ ಫೋಟೋಕ್ಕೆ ಕಟ್ಟು ಹಾಕಿಸಲು ಅವರ ಹೆಂಡತಿ ನನ್ನ ಅಂಗಡಿಗೆ ಬಂದಿರಬೇಕು, ಬಾಗಿಲಲ್ಲಿ ನಿಂತು ಬಣ್ಣ ಆರಿಸಿರಬೇಕು. ಎಷ್ಟು ತಡಕಾಡಿದರೂ ಆ ಮುಖ ನನಗೆ ನೆನಪಾಗಲಿಲ್ಲ.

"ಕೊಡಿ ಇಲ್ಲಿ. ಹೊಸ ಕಟ್ಟು ಹಾಕ್ಕೊಡ್ತೀನಿ. ಮನೆಗೆ ತಗೊಂಡೋಗಿ" ಎಂದೆ.

ಮಾತೇನೋ ಸಲೀಸಾಗಿ ಆಡಿಬಿಟ್ಟೆ. ಅಂಗಡಿಗೆ ತಂದು ಮೊಳೆ ಕಿತ್ತು ನೋಡಿದರೆ, ನೆನೆದ ಚಿತ್ರ ಗಾಜಿಗೆ ಕಚ್ಚಿಕೊಂಡಿತ್ತು. ಎಳೆದರೆ ಮುಖವೇ ಕಿತ್ತುಬರುವಂತಿತ್ತು. ಹೊರಗೆ ಮೋಡ ಗುಡುಗುತ್ತಿತ್ತು, ಮೋರಿಯ ಬಾಯಿಯಲ್ಲಿ ಮಣ್ಣಿತ್ತು, ನಾನು ಇಲ್ಲಿ ಬ್ಲೇಡು ಹಿಡಿದುಕೊಂಡು ಕಾಗದದ ಅಂಚು ಕೆರೆಯುತ್ತಿದ್ದೆ. ಎದ್ದು ಬಾಗಿಲಿಗೆ ಹೋಗುವೆ, ಆಕಾಶ ನೋಡುವೆ, ಬಂದು ಕೂರುವೆ, ಮತ್ತೆ ಏಳುವೆ. ಹೆಂಡತಿ ಊಟಕ್ಕೆ ಕರೆದರೆ ಅವಳ ಮೇಲೆ ರೇಗಿದೆ. ಕೊನೆಗೆ ಬಿಡಿಸುವ ಯೋಚನೆಯನ್ನೇ ಕೈಬಿಟ್ಟು, ಒಡೆದ ಗಾಜಿನ ಸಮೇತ ಚಿತ್ರವನ್ನು ಒಣಗಿಸಿ, ಅದರ ಮೇಲೆ ಇನ್ನೊಂದು ಗಾಜಿಟ್ಟು ಕಟ್ಟು ಹಾಕಿದೆ. ದೇವಿಯ ಭುಜದ ಮೇಲೆ ಬಿರುಕು ಹಾಗೇ ಉಳಿಯಿತು.

ಭಾನುವಾರ ಅದನ್ನು ಯಜಮಾನರ ಕೈಗೆ ಕೊಡುವಾಗ ನನಗೇ ಸಂಕೋಚ. "ಬಿರುಕು ಹೋಗ್ಲಿಲ್ಲ. ಪೂಜೆಗೆ ಆಗಲ್ಲ" ಎಂದೆ.

ಅವರು ಬೆರಳಿನಿಂದ ಗಾಜು ಸವರಿದರು. "ಇರ್ಲಿ ಬುಡಿ. ನಡುಮನೇಲಿ ಹಾಕ್ಕೋತೀನಿ. ಪೂಜೆಗಲ್ಲ, ನೋಡ್ಕೊಳ್ಳಕ್ಕೆ" ಎಂದರು.

ಆಮೇಲೆ ಉಳಿದ ದೇವರುಗಳ ಮುಂದೆ ಅವರೇ ಕೂತರು. ಅಕ್ಷತೆ ಹಾಕಿ, ಒಂದೊಂದು ಫೋಟೋವನ್ನೂ ಒಂದಿಷ್ಟು ಉತ್ತರಕ್ಕೆ ಸರಿಸಿ ಕದಲಿಸಿದರು. ಗೌರಿ ಗಣೇಶನನ್ನು ಕಳಿಸಿಕೊಡುವಾಗ ನಾವೆಲ್ಲ ಮನೆಯಲ್ಲಿ ಮಾಡುವಂತೆಯೇ. "ಹೋಗಿ ಬನ್ನಿ ತಾಯಿ, ಹೋಗಿ ಬನ್ನಿ ಸ್ವಾಮಿ" ಎಂದು ಒಬ್ಬೊಬ್ಬರಿಗೂ ಹೇಳಿದರು. ಕದಲಿಸಿದ ಮೇಲೆ ಅದು ಬರೀ ಕಾಗದ, ಮರ, ಗಾಜು. ನಾನು ಇಕ್ಕಳ ಹಿಡಿದು ನಾನೇ ಹೊಡೆದ ಮೊಳೆಗಳನ್ನು ಕೀಳುತ್ತಾ ಹೋದೆ. ಮೇರಿ ಮಾತೆಯನ್ನು ಏನು ಮಾಡುವುದೆಂದು ಕೇಳಿದಾಗ ಟೀಚರಮ್ಮ, "ನಮ್ಮಲ್ಲಿ ಒಡೆದ್ರೆ ಹೂಳ್ತೀವಿ. ಕಾಲಿಗೆ ಸಿಗಬಾರದು ಅಷ್ಟೇ" ಎಂದರು. ಮರದಾಚೆ ಒಂದು ಗುಂಡಿ ತೋಡಿ ಕಾಗದಗಳನ್ನೂ ಮಾತೆಯನ್ನೂ ಒಟ್ಟಿಗೇ ಮಣ್ಣು ಮಾಡಿ, ಮೇಲೊಂದು ಹೊಂಗೆ ಸಸಿ ನೆಟ್ಟೆವು. ಪಾಯದ ಮಣ್ಣು ಮತ್ತೆ ಏರಿಗೆ ಹೋಯಿತು. ಇಟ್ಟಿಗೆಯನ್ನು ಯಜಮಾನರೇ ನಿಂತು ಮೋರಿಯ ಕುಸಿದ ಮಗ್ಗುಲಿಗೆ ಕಟ್ಟಿಸಿದರು.

ಮಳೆ ಮರುದಿನವೇ ಬರುತ್ತದೆ ಎಂದುಕೊಂಡರೆ ಬರಲಿಲ್ಲ. ದಿನಾ ಮೋಡ, ದಿನಾ ಗಾಳಿ, ಹನಿ ಮಾತ್ರ ಇಲ್ಲ. ನನಗಂತೂ ಹುಚ್ಚು ಹಿಡಿಯುವುದೊಂದು ಬಾಕಿ. ಗಾಜನ್ನು ಅಡ್ಡಾದಿಡ್ಡಿ ಕೊಯ್ದೆ, ಗಿರಾಕಿಗಳ ಮೇಲೆ ಹಾರಾಡಿದೆ. ಕೊನೆಗೊಂದು ಮಧ್ಯಾಹ್ನ ಬನ್ನಿಮಂಟಪದಿಂದ ಗಾಜು ತರುತ್ತಿದ್ದಾಗ ಆಕಾಶವೇ ಹರಿದಂತೆ ಸುರಿಯಿತು. ಅಂಗಡಿಗೆ ಹೋಗಲಿಲ್ಲ, ಗಾಜಿನ ಸಮೇತ ನಾಲೆಗೇ ಗಾಡಿ ಓಡಿಸಿದೆ. ಟೀಚರಮ್ಮ ಆಗಲೇ ಕೊಡೆ ಹಿಡಿದು ನಿಂತಿದ್ದರು, ಆಚೆ ಏರಿಯ ಮೇಲೆ ಯಜಮಾನರು.

ನೀರು ಬಂತು. ಕೆಂಪಗೆ, ಎಲೆ, ಕಡ್ಡಿ, ನೊರೆ ತಳ್ಳಿಕೊಂಡು, ನಡೆಯುವವರ ವೇಗದಲ್ಲಿ. ನಾವು ಈಚೆಯಿಂದ, ಯಜಮಾನರು ಆಚೆಯಿಂದ ಅದರ ಜೊತೆ ನಡೆದೆವು. ಮೋರಿಯ ಮುಂದೆ ನಿಂತಿತು. ಸುತ್ತಿತು. ಮೇಲೆ ಮೇಲೆ ಏರಿತು. "ಹೋಗೇ ತಾಯಿ, ಹೋಗೇ!" ಎಂದು ಕೂಗಿಬಿಟ್ಟೆ. ಒಳಗೆಲ್ಲೋ ಗುಳುಕ್ ಎಂದು, ಆಚೆ ಬಾಯಿಯಿಂದ ನೀರು ಧುಮುಕಿತು. ಟೀಚರಮ್ಮ ಕೊಡೆ ಬಿಸಾಕಿ ಚಪ್ಪಾಳೆ ತಟ್ಟಿದರು. ನಾನು ಹೋ ಎಂದು ಅತ್ತುಬಿಟ್ಟೆ, ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಕಟ್ಟೆಗೆ ನೀರು ಇಳಿಯುವುದನ್ನು ನೋಡುತ್ತಾ ಯಜಮಾನರು ಪಂಚೆ ಎತ್ತಿಕಟ್ಟಿಕೊಂಡು ಗಾಡಿದಾರಿ ದಾಟಿ ನಮ್ಮ ಬಳಿ ಬಂದರು. ಆಮೇಲೆ ಹೇಳಿದರು, "ಆವತ್ತು ಇಷ್ಟು ನೀರಿದ್ದಿದ್ರೆ, ನಮ್ ಚಾಮುಂಡಿ ನೆಟ್ಟಗೆ ಹೋಗೋಳು. ನಂಗೆ ವಾಪಸ್ ಸಿಕ್ತಿರಲಿಲ್ಲ."

ಇಂಜಿನಿಯರ್ ಬಂದು ನೋಡಿ, ನಾಲೆ ಉಳಿಯಲಿ ಎಂದರು. ಹುಂಡುಕೋಳಿ ಮರಿ ಮಾಡಿದೆಯಂತೆ, ಟೀಚರಮ್ಮ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದರು. ನಾನು ಸ್ವಲ್ಪ ದಿನ ನೆಮ್ಮದಿಯಾಗಿದ್ದೆ ಎನ್ನಬೇಕು.

ಮೊನ್ನೆ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು. ಹೊಸ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು, ಹಳೆಯದನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. "ಅದನ್ನೇನಮ್ಮ ಮಾಡ್ತೀಯಾ?" ಎಂದೆ.

"ನಾಲೇಲಿ ಈಗ ಚೆನ್ನಾಗಿ ನೀರು ಹರೀತಿದೆಯಲ್ಲ ಅಣ್ಣ. ಅಲ್ಲೇ ಬಿಟ್ಬುಡ್ತೀನಿ" ಎಂದಳು. ಖುಷಿಯಾಗಿಯೇ ಹೇಳಿದಳು.

ಬೈಯಲು ಬಾಯಿ ತೆರೆದೆ. ಚಾಮುಂಡಿಯನ್ನು ಎದೆಗೆ ಅವುಚಿಕೊಂಡು ಇಟ್ಟಿಗೆಯ ಮೇಲೆ ಕೂತಿದ್ದ ಯಜಮಾನರು ಕಣ್ಣ ಮುಂದೆ ಬಂದರು. ಕೈ ಚಾಚಿದೆ.

"ಇಲ್ಲಿ ಕೊಡಮ್ಮ. ಯಾರು ದೀಪ ಹಚ್ಚುತ್ತಿದ್ರು ಇದಕ್ಕೆ?"

"ನಮ್ಮಜ್ಜಿ" ಎಂದಳು.

"ಕೂತ್ಕೋ" ಎಂದೆ. ಸ್ಟೂಲು ಎಳೆದುಕೊಂಡು ನಾನೂ ಕೂತೆ, ಇಕ್ಕಳ ಕೈಗೆ ತೆಗೆದುಕೊಂಡೆ.