ಅಣ್ಣನ ಹೆಸರಿನ ಡಿಶ್

ಗಡಿನಾಡಿನಲ್ಲಿ ಕನ್ನಡಕ್ಕೆ ಕುತ್ತು ಬಂದಿದೆ ಅಂತ ನೀವು ಭಾಷಣಗಳಲ್ಲಿ ಕೇಳಿರುತ್ತೀರಿ. ಯಾರಿಂದ ಬಂತು ಅನ್ನುವುದರಲ್ಲಿ ಮಾತ್ರ ಭಾಷಣಕಾರರಿಗೇ ಒಮ್ಮತವಿಲ್ಲ. ನಮ್ಮ ಮನೆಯ ಮಟ್ಟಿಗೆ ಉತ್ತರ ಖಚಿತ. ಒಂದು ಕೋತಿಯಿಂದ.

ಆಂಧ್ರಕ್ಕೆ ಸೇರಿದ ನಮ್ಮ ರಾಯದುರ್ಗದ ಬೆಟ್ಟದ ಕೋತಿಗಳು ಬೆಟ್ಟ ಬೇಸರವಾದಾಗ ನಮ್ಮ ಓಣಿಗೆ ಬರುತ್ತವೆ. ಒಣಹಾಕಿದ ಹಪ್ಪಳ ತಿನ್ನುತ್ತವೆ, ಬಟ್ಟೆ ಎಳೆದುಕೊಂಡು ಮೈಗೆ ಹಿಡಿದು ನೋಡುತ್ತವೆ (ನನ್ನ ಬನಿಯನ್ ಒಂದಕ್ಕೆ ನನಗಿಂತ ಚೆನ್ನಾಗಿ ಒಪ್ಪಿತ್ತು). ಹೋದ ತಿಂಗಳು ಒಂದು ದಡೂತಿ ಗಂಡು ಕೋತಿ ನಮ್ಮ ಮಾಳಿಗೆ ಮೇಲಿನ ಡಿಶ್‌ಗೆ ಜೋತುಬಿದ್ದು ಜೋಕಾಲಿ ಆಡಿತು. ಡಿಶ್ ಆಕಾಶ ನೋಡುವುದು ಬಿಟ್ಟು ಪಕ್ಕದ ಮನೆಯ ನೀರಿನ ಟ್ಯಾಂಕ್ ನೋಡತೊಡಗಿತು. ಟಿವಿಯಲ್ಲಿ ಸಿಗ್ನಲ್ ಇಲ್ಲ.

ಮೆಕ್ಯಾನಿಕ್ ಬಂದ. ಡಿಶ್ ತಿರುಗಿಸಿದ, ನಟ್ಟು ಬಿಗಿದ. ಹೋಗುವಾಗ ಫೋನ್ ತೆಗೆದು, ಕಂಪನಿಯ ಆ್ಯಪಿನಲ್ಲಿ ಅಡ್ರೆಸ್ ಹಾಕಬೇಕು ಸಾರ್, ಹೇಳಿ ಅಂದ. ಹೇಳಿದೆ. ಮನೆ ನಂಬರು, ಓಣಿ, ಎದುರಿನ ಬೇವಿನ ಮರ, ಪಿನ್‌ಕೋಡು ಸಮೇತ. ಅಡ್ರೆಸ್ ಕೇಳಿದವರಿಗೆ ಸರಿಯಾಗಿ ಹೇಳುವುದು ಒಳ್ಳೆಯ ಮನುಷ್ಯನ ಲಕ್ಷಣ ತಾನೇ?

ಮರುದಿನ ಸಂಜೆ ಏಳೂವರೆಗೆ ನನ್ನ ಹೆಂಡತಿ ನಾಗವೇಣಿ ರಿಮೋಟ್ ಒತ್ತಿದಳು. ಅವಳ ಸೀರಿಯಲ್ ಬರುವ ಕನ್ನಡ ಚಾನೆಲ್ ಇರಬೇಕಾದ ಜಾಗದಲ್ಲಿ ನೀಲಿ ಪರದೆ. ಈ ಚಾನೆಲ್ ನಿಮ್ಮ ಪ್ಯಾಕ್‌ನಲ್ಲಿ ಇಲ್ಲ ಅಂತ ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ತೆಲುಗಿನಲ್ಲಿ. ಕನ್ನಡ ಚಾನೆಲ್ ಹೋಗಿದೆ ಅನ್ನುವುದನ್ನು ಕನ್ನಡದಲ್ಲಿ ಹೇಳುವ ಸೌಜನ್ಯವಾದರೂ ಬೇಡವೇ? ಅವಳು ಮುಂದಿನದು ಒತ್ತಿದಳು. ಅದೂ ಇಲ್ಲ. ಅದರ ಮುಂದಿನದೂ ಇಲ್ಲ. ಒಂದೇ ದಿನದಲ್ಲಿ ಕನ್ನಡ ಪೂರ್ತಿ ಗುಡಿಸಿಹೋಗಿತ್ತು.

ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. ಅವನು ತೆಲುಗಿನಲ್ಲಿ ನಗುನಗುತ್ತಾ ವಿವರಿಸಿದ. ನಿಮ್ಮ ಬಾಕ್ಸ್ ಇಲ್ಲಿಯವರೆಗೆ ಬಳ್ಳಾರಿ ಕಡೆಯ ಅಡ್ರೆಸ್‌ನಲ್ಲಿತ್ತು, ಅದಕ್ಕೆ ಕರ್ನಾಟಕದ ಪ್ಯಾಕ್ ಬರುತ್ತಿತ್ತು. ಈಗ ಆಂಧ್ರದ ಪಿನ್‌ಕೋಡು ಬಿದ್ದಿದೆ, ಅದರಷ್ಟಕ್ಕೆ ಅದೇ ಆಂಧ್ರದ ಪ್ಯಾಕ್ ಆಗಿದೆ. ಊರಲ್ಲಿ ಎಷ್ಟೋ ಜನ ಗಡಿಯಾಚೆಯ ನೆಂಟರ ಹೆಸರಿನಲ್ಲಿ ಬಾಕ್ಸ್ ಇಟ್ಟುಕೊಂಡಿದ್ದಾರೆ, ಅವರ್ಯಾರೂ ಹೀಗೆ ಬಾಯಿ ಬಿಡುವುದಿಲ್ಲ, ನೀವ್ಯಾಕೆ ಬಿಟ್ಟಿರಿ ಅಂತ ನನ್ನನ್ನೇ ಕೇಳಿದ.

ನಿಜ ಹೇಳಿ ಕೆಟ್ಟೆ.

ದಾರಿಯನ್ನೂ ಅವನೇ ಹೇಳಿದ. ಬಾಕ್ಸನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಆಮೇಲೆ ಕನ್ನಡದ ಪ್ಯಾಕ್ ಬೇರೆ ಸೇರಿಸಬಹುದು. ಇಲ್ಲ, ಈಗಿರುವ ಹೆಸರೇ ಇರಲಿ ಅಂದರೆ ಆ ಹೆಸರಿನವರೇ ಕಸ್ಟಮರ್ ಕೇರ್ ಜೊತೆ ಮಾತಾಡಬೇಕು.

ಆ ಹೆಸರಿನವರು ಮಾತಾಡುವ ಹಾಗಿರಲಿಲ್ಲ.

ಬಾಕ್ಸ್ ಇದ್ದದ್ದು ನಾಗವೇಣಿಯ ಅಣ್ಣ ತಿಪ್ಪೇಸ್ವಾಮಿಯವರ ಹೆಸರಿನಲ್ಲಿ. ಬೊಮ್ಮನಹಾಳ್ ದಾಟಿ, ಗಡಿ ದಾಟಿ ಸ್ವಲ್ಪ ದೂರ ಹೋದರೆ ಅವರ ಊರು. ಅಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ಹಗಲೆಲ್ಲ ಗಿರಣಿ ಸದ್ದಿನ ಮೇಲೆ ಕೂಗಿ ಕೂಗಿ, ಮೆಲ್ಲಗೆ ಮಾತಾಡುವುದು ಅವರಿಗೆ ಮರೆತೇ ಹೋಗಿತ್ತು. ಅವರು ಫೋನ್ ಮಾಡಿದರೆ ನಮ್ಮ ಓಣಿಗೆಲ್ಲ ಸುದ್ದಿ ತಿಳಿಯುತ್ತಿತ್ತು.

ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಬೇಕು. ಒಂದು ವರ್ಷ ನಮ್ಮವ್ವ ಹಾಸಿಗೆ ಹಿಡಿದಿದ್ದಳು. ವೇಣಿ ಹೋಗುವ ಹಾಗಿರಲಿಲ್ಲ. ತಿಪ್ಪೇಸ್ವಾಮಿ ಬಸ್ಸಿನಿಂದ ಇಳಿದು ಬಂದರು. ಒಂದು ಕೈಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿ. ಇನ್ನೊಂದು ಕಂಕುಳಲ್ಲಿ ಡಿಶ್. ಸೀರೆ ತರುವ ಅಣ್ಣಂದಿರನ್ನು ನೋಡಿದ್ದೇವೆ, ಡಿಶ್ ಹೊತ್ತು ತಂದವರು ಇವರೊಬ್ಬರೇ. "ನೀ ಊರಿಗೆ ಬರಾಕ ಆಗದಿದ್ರ ಏನಾತವ್ವ, ದಿನಾ ಸಂಜೀಗೆ ಊರನ ನಿನ್ನ ಮನೀಗೆ ಬರತೈತಿ" ಅಂದರು. ಬಾಕ್ಸ್ ಅವರ ಹೆಸರಿಗೆ, ಅವರ ಊರಿನ ಅಡ್ರೆಸ್‌ಗೆ. ಫೋನ್ ನಂಬರು ಮಾತ್ರ ನನ್ನದು ಕೊಟ್ಟಿದ್ದರು, ರೀಚಾರ್ಜ್ ಮಾಡಿಸುವ ಕರ್ಮ ಭಾವನೆಂಟನಿಗೆ ಇರಲಿ ಅಂತ.

ಅವತ್ತಿನಿಂದ ಏಳೂವರೆಗೆ ಅಲ್ಲಿ ಅಣ್ಣ, ಇಲ್ಲಿ ತಂಗಿ ಒಂದೇ ಸೀರಿಯಲ್ ನೋಡುವುದು. ಅಡ್ವರ್ಟೈಸ್‌ಮೆಂಟ್ ಬಂದ ಕೂಡಲೇ ಫೋನು. ಆ ಅತ್ತೆಗೆ ಬುದ್ಧಿ ಇಲ್ಲ, ಆ ಸೊಸೆ ಬಾಯಿ ತೆಗೆಯಬೇಕಿತ್ತು, ಆಸ್ತಿ ಪತ್ರ ಅವನ ಕೈಗೆ ಕೊಡಬಾರದಿತ್ತು. ಗಿರಣಿ ಮಾಲೀಕ ಸೀರಿಯಲ್ ನೋಡುತ್ತಾನೆಂದು ಊರವರು ನಗುತ್ತಿದ್ದರಂತೆ. ಅವರು ಸೀರಿಯಲ್ ನೋಡುತ್ತಿದ್ದದ್ದು ಸೀರಿಯಲ್‌ಗಾಗಿ ಅಲ್ಲ ಅಂತ ಊರವರಿಗೆ ಏನು ಗೊತ್ತು?

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ತಿಪ್ಪೇಸ್ವಾಮಿ ಗಿರಣಿ ಬಾಗಿಲು ತೆಗೆದು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆ ಮೇಲೂ ಪ್ರತಿ ತಿಂಗಳು ನನ್ನ ಫೋನಿಗೆ ಮೆಸೇಜ್ ಬರುತ್ತಲೇ ಇದೆ. ಪ್ರಿಯ ತಿಪ್ಪೇಸ್ವಾಮಿ, ನಿಮ್ಮ ರೀಚಾರ್ಜ್ ಮುಗಿಯುತ್ತಿದೆ. ವೇಣಿ ಅದನ್ನು ರೀಚಾರ್ಜ್ ಮೆಸೇಜ್ ಅನ್ನುವುದಿಲ್ಲ. ಅಣ್ಣಂದು ಮೆಸೇಜ್ ಬಂತೇನ್ರಿ ಅಂತ ಕೇಳುತ್ತಾಳೆ. ಬಂದಿದೆ ಅಂದರೆ ಕನ್ನಡಕ ಹಾಕಿಕೊಂಡು, ಫೋನ್ ಇಸಕೊಂಡು ಒಂದು ಸಲ ನೋಡಿ ವಾಪಸ್ ಕೊಡುತ್ತಾಳೆ.

ಇಂಥವಳಿಗೆ ನಾನು ಹೋಗಿ, ಹೆಸರು ಬದಲಿಸಿಬಿಡೋಣ ಅಂದೆ. ಅವಳು ಜಗಳ ಮಾಡಲಿಲ್ಲ. ಅಣ್ಣನ ಹೆಸರು ತೆಗೆಯುವುದು ಬೇಡ, ಟಿವಿ ಇಲ್ಲದಿದ್ದರೂ ನಡೆಯುತ್ತದೆ ಅಂದಳು. ಸರಿ, ಹಾಗಾದರೆ ನಾನೇ ತಿಪ್ಪೇಸ್ವಾಮಿ ಅಂತ ಫೋನಿನಲ್ಲಿ ಮಾತಾಡುತ್ತೇನೆ, ಯಾರಿಗೆ ಗೊತ್ತಾಗುತ್ತದೆ ಅಂದೆ. ಅದಕ್ಕೆ ಮಾತ್ರ ಸಿಟ್ಟು ಬಂತು. "ಸತ್ತೋರ ಹೆಸರ್ಲೆ ಸುಳ್ಳು ಹೇಳಬಾರದ್ರಿ" ಅಂದು ಒಳಗೆ ಹೋದಳು.

ಹಾಗೆ ದಿನಗಳು ಕಳೆದವು. ಏಳೂವರೆಗೆ ಅವಳು ಟಿವಿ ಹಾಕುವುದು, ನೀಲಿ ಪರದೆಯ ಎರಡು ಸಾಲು ನೋಡುವುದು, ಆರಿಸಿ ಅಡುಗೆಮನೆಗೆ ಹೋಗುವುದು. ನನಗೆ ಅದನ್ನು ನೋಡುವುದು ಕಷ್ಟವಾಯಿತು. ಬೈದಿದ್ದರೆ ವಾಸಿಯಿತ್ತು.

ತೆಲುಗು ಸೀರಿಯಲ್ ನೋಡು, ನಿನಗೇನು ತೆಲುಗು ಬರುವುದಿಲ್ಲವೇ ಅಂದೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ತರಕಾರಿ ಅಂಗಡಿಯಲ್ಲಿ ಅವಳ ತೆಲುಗು ಕೇಳಿ ಅಂಗಡಿಯವರೇ ಹೆದರುತ್ತಾರೆ. ಅವಳು ಹೇಳಿದ್ದು ಇಷ್ಟೇ: "ಬೈಯಾಕ ತೆಲುಗು ನಡೀತೈತ್ರಿ. ಅಳಾಕ ಕನ್ನಡನ ಬೇಕು."

ಹಾಗಾದರೆ ಫೋನಿನಲ್ಲಿ ನೋಡು, ಯಾವಾಗ ಬೇಕಾದರೂ ನೋಡಬಹುದು ಅಂದೆ. (ಗಂಡಸರ ಬಳಿ ಸಲಹೆಗಳಿಗೆ ಯಾವತ್ತೂ ಬರವಿಲ್ಲ.) ಯಾವಾಗ ಬೇಕಾದರೂ ನೋಡುವುದೆಂದರೆ ಒಬ್ಬಳೇ ನೋಡುವುದು ಅಲ್ಲವೇ ಅಂತ ಕೇಳಿದಳು. ಏಳೂವರೆಗೆ ನೋಡಿದರೆ ಅದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ನೋಡುತ್ತಿರುತ್ತಾರೆ. ಅದೂ ಒಂಥರಾ ಜೊತೆ.

ನನ್ನದು ಜಿಪ್ಪು, ಗುಂಡಿ ಮಾರುವ ಕಸುಬು. ಊರಿನ ಜೀನ್ಸ್ ಹೊಲಿಯುವ ಯೂನಿಟ್‌ಗಳನ್ನು ಸುತ್ತುತ್ತೇನೆ. ಅಲ್ಲಿ ಮಷಿನ್ ಮುಂದೆ ಕೂತ ಹೆಂಗಸರನ್ನು ವಿಚಾರಿಸಿದರೆ ಮನೆಮನೆಯದೂ ಇದೇ ರಾಮಾಯಣ. ಒಬ್ಬರ ಮನೆಯಲ್ಲಿ ಪಿನ್‌ಕೋಡಿನಿಂದ ಹೋಗಿದೆ, ಇನ್ನೊಬ್ಬರ ಮನೆಯಲ್ಲಿ ಚಾನೆಲ್‌ನವರಿಗೂ ಡಿಶ್ ಕಂಪನಿಗೂ ರೇಟಿನ ಜಗಳವಾಗಿ ಹೋಗಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಹಾಗೆ. ನಮ್ಮ ಹಾಗೇ ಆಂಧ್ರಕ್ಕೆ ಸೇರಿದ ಮಡಕಶಿರಾ ಕಡೆಯ ನನ್ನ ಗೆಳೆಯರೊಬ್ಬರು ರೇಷ್ಮೆ ಹುಳು ಸಾಕುತ್ತಾರೆ, ನಾನು ಬರೆಯುವ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಅವರಿಗೆ ಫೋನ್ ಮಾಡಿ ಗೋಳು ತೋಡಿಕೊಂಡರೆ, ನಿಮ್ಗೆ ಈಗ ಹೋಯ್ತಾ, ನಮ್ಗೆ ಆಗ್ಲೇ ಹೋಗ್ಬಿಟ್ಟೈತೆ ಅಂತ ಸಮಾಧಾನ ಮಾಡಿದರು. ಎಂಥ ಸಮಾಧಾನ ನೋಡಿ.

ಶನಿವಾರ ಸಂಜೆ ನನಗೆ ತಡೆಯಲಾಗಲಿಲ್ಲ. ವೇಣಿ ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಅವಳನ್ನು ಒಂದು ಮಾತೂ ಕೇಳದೆ ಅಲ್ಲೇ ಕೂತು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಕನ್ನಡಕ್ಕೆ ಇಷ್ಟು ಒತ್ತಿ, ಅದಕ್ಕೆ ಅಷ್ಟು ಒತ್ತಿ, ಆಮೇಲೆ ಸಂಗೀತ. ಸಂಗೀತ ಮುಗಿಯುವ ಹೊತ್ತಿಗೆ ಅರ್ಧ ಸಿಟ್ಟು ಇಳಿದಿತ್ತು. ಕೊನೆಗೆ ಒಬ್ಬ ಹುಡುಗಿ ಬಂದಳು. ಎಳೆಯ ದನಿ, ಬೆಂಗಳೂರಿನ ಕನ್ನಡ. ತಿಪ್ಪೇಸ್ವಾಮಿಯವರು ಮಾತಾಡ್ತಿದ್ದೀರಾ ಸರ್ ಅಂತ ಕೇಳಿದಳು.

ಸೊಪ್ಪು ಸೋಸುವ ಕೈ ನಿಂತಿತು.

"ಹೌದ್ರಿ" ಅಂದೆ.

"ಹೇಗಿದ್ದೀರಾ ಸರ್?"

ಇದು ಅವರಿಗೆ ಕಲಿಸಿಕೊಟ್ಟ ಮಾತು. ಎಲ್ಲರನ್ನೂ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ನಾನು ಕಾಯಿಸಿದೆ. ಆಮೇಲೆ "ಆರಾಮ ಅದೀನ್ರಿ" ಅಂದೆ. ಓಣಿಗೆಲ್ಲ ಕೇಳುವ ಹಾಗೆ ಜೋರಾಗಿ. ಬೇಕೆಂದು ಮಾಡಿದ್ದಲ್ಲ. ಆ ಹೆಸರಿಟ್ಟುಕೊಂಡು ಮೆಲ್ಲಗೆ ಮಾತಾಡಲು ನನಗೆ ಬರಲಿಲ್ಲ, ಅಷ್ಟೇ. ವೇಣಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಹುಟ್ಟಿದ ತಾರೀಖು ಕೇಳಿದಳು. ಜೂನ್ ಒಂದು ಅಂದೆ. ಆ ಕಾಲದಲ್ಲಿ ಶಾಲೆಗೆ ಸೇರಿದವರೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೇ (ಮೇಷ್ಟರ ಕೃಪೆ), ತಪ್ಪುವ ಪ್ರಶ್ನೆಯೇ ಇಲ್ಲ. ಇಸವಿಯನ್ನು ಅಂದಾಜಿನಲ್ಲಿ ಹೇಳಿದೆ, ಅದೂ ಕೂಡಿಬಂತು. ಬಾಕ್ಸ್ ಈಗ ರಾಯದುರ್ಗದಲ್ಲಿ ತೋರಿಸುತ್ತಿದೆ, ಅಲ್ಲಿ ಯಾರಿದ್ದಾರೆ ಅಂತ ಕೇಳಿದಳು. ನನ್ನ ತಂಗಿ, ಅವಳಿಗೆ ಕನ್ನಡ ಚಾನೆಲ್ ವಾಪಸ್ ಬೇಕು ಅಂದೆ. ಅಲ್ಲಿಯವರಿಗೆ ತೆಲುಗಿನ ಪ್ಯಾಕೇ ಅನುಕೂಲ, ಚಾನೆಲ್ ಹೆಚ್ಚು, ಸಿನಿಮಾ ಹೆಚ್ಚು ಅಂತ ಶುರು ಮಾಡಿದಳು. ಪಾಪ, ಅದೂ ಕಲಿಸಿಕೊಟ್ಟದ್ದೇ.

"ಯವ್ವಾ, ನನಗ ದಿನಾ ಹೋಗಿ ಆಕೀ ಜೊತಿ ಕೂಡಾಕ ಆಗಂಗಿಲ್ಲ. ಅದಕ್ಕ ಇದನ್ನ ಕೊಡಿಸೀನಿ. ಇದೂ ಹೋದ್ರ ಆಕೀಗೆ ಯಾರದಾರ ಹೇಳು?"

ಇದನ್ನು ನಾನು ಯೋಚಿಸಿಕೊಂಡಿರಲಿಲ್ಲ. ಬಾಯಿಂದ ಬಂದಮೇಲೆ, ಈ ಮಾತು ನನ್ನದಲ್ಲ ಅನ್ನಿಸಿತು.

ಹುಡುಗಿ, ಬಾಕ್ಸ್ ನಿಮ್ಮ ಹೆಸರಿನಲ್ಲೇ ಇರಲಿ ಸರ್, ಕನ್ನಡದ ಪ್ಯಾಕ್ ನಾನೇ ಸೇರಿಸುತ್ತೇನೆ ಅಂದಳು. ದನಿ ಬೇರೆಯಾಗಿತ್ತು. ಒಂದೇ ಒಂದು ನಿಯಮವಿದೆ, ಬಾಕ್ಸ್ ಇರುವ ಮನೆಯವರ ಒಪ್ಪಿಗೆ ಬೇಕು, ನಿಮ್ಮ ತಂಗಿ ಅಲ್ಲೇ ಇದ್ದರೆ ಫೋನ್ ಕೊಡಿ ಅಂದಳು.

ಮುಗಿಯಿತು ಅಂದುಕೊಂಡೆ. ಸತ್ತವರ ಹೆಸರಿನಲ್ಲಿ ಸುಳ್ಳು ಬೇಡ ಅಂದವಳು ಎದುರಿಗೇ ಕೂತಿದ್ದಾಳೆ. ಇಷ್ಟು ಹೊತ್ತು ನಾನಾಡಿದ ನಾಟಕವನ್ನೆಲ್ಲ ಕೇಳಿದ್ದಾಳೆ. ನಿಜ ಹೇಳಿದರೆ ಚಾನೆಲ್ ಹೋಗುತ್ತದೆ, ಅಣ್ಣನ ಹೆಸರೂ ಹೋಗುತ್ತದೆ. ಕಳ್ಳ ಮಾಲು ಒಪ್ಪಿಸುವವನಂತೆ ಫೋನ್ ಚಾಚಿದೆ.

ವೇಣಿ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ತಿಪ್ಪೇಸ್ವಾಮಿಯವರು ನಿಮಗೆ ಏನಾಗಬೇಕು ಮೇಡಂ ಅಂತ ಹುಡುಗಿ ಕೇಳಿದಳು. ನಮ್ಮಣ್ಣ ಅಂದಳು ವೇಣಿ.

"ಅವರು ಈಗ ನಿಮ್ಮ ಜೊತೆನೇ ಇದ್ದಾರಾ ಮೇಡಂ? ಹೌದು ಅಥವಾ ಇಲ್ಲ ಅಂದ್ರೆ ಸಾಕು, ರೆಕಾರ್ಡ್ ಆಗ್ತಿದೆ."

ಹೊರಗೆ ಓಣಿಯಲ್ಲಿ ಯಾರದೋ ಆಟೋ ಹೋಯಿತು. ವೇಣಿ ನನ್ನ ಮುಖ ನೋಡಲಿಲ್ಲ, ಟಿವಿಯ ಕಡೆಗೂ ನೋಡಲಿಲ್ಲ. ಈ ಎರಡು ವರ್ಷದಲ್ಲಿ ಅವಳು ಅಣ್ಣನ ಸುದ್ದಿ ಬಂದಾಗೆಲ್ಲ ಇದ್ದ, ಅನ್ನುತ್ತಿದ್ದ, ನಗುತ್ತಿದ್ದ ಅಂತಲೇ ಮಾತಾಡಿದವಳು.

"ಹೌದ್ರಿ. ಇಲ್ಲೇ ಅದಾನ."

ಸ್ವಲ್ಪ ಹೊತ್ತಿನಲ್ಲೇ ಚಾನೆಲ್ ಬಂತು. ಕಂಪನಿಯವರು ಅವತ್ತಿನ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿ ಎಲ್ಲೋ ಇಟ್ಟಿದ್ದಾರೆ. ನಾಳೆ ಬೇಕಾದರೆ ತೆಗೆದು ಕೇಳಲಿ, ನಾನು ಹೇಳಿದ್ದು ಸುಳ್ಳು ಅಂತ ಈಗಲೇ ಒಪ್ಪಿಕೊಳ್ಳುತ್ತೇನೆ.

ನನ್ನ ಹೆಂಡತಿ ಹೇಳಿದ್ದೂ ಸುಳ್ಳು ಅಂತ ಹೇಳುವವರು ಯಾರಿದ್ದೀರಿ?