ಒಬ್ದುಲಿಯಾ ಹಾಕಿದ ಸಹಿ

ಕ್ಯಾಲಿಫೋರ್ನಿಯಾದ ಆರೆಂಜ್ ಕೋವ್ ಊರಿನ ಕಿತ್ತಳೆ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಒಬ್ದುಲಿಯಾಳ ಹೆಸರು ಇರ್ಮಾ. ಅವಳು ಇಲ್ಲಿಗೆ ಬಂದ ಹೊಸತರಲ್ಲಿ ಇರ್ಮಾ ಸಾಲ್ಸೆಡೋ ಎಂಬಾಕೆ ಮೆಕ್ಸಿಕೋಗೆ ವಾಪಸ್ಸು ಹೊರಟಿದ್ದಳು. ಕೆಲಸಕ್ಕೆ ಸೇರುವಾಗ ತೋರಿಸುವ ಆಕೆಯ ಕಾರ್ಡು ಇವಳ ಕೈಗೆ ಬಂತು, ಕಾರ್ಡಿನ ಜೊತೆ ಹೆಸರೂ ಬಂತು. ಕಾಗದಪತ್ರ ಇಲ್ಲದವರು ಮತ್ತೇನು ಮಾಡಬೇಕು, ಗಾಳಿ ಕುಡಿದು ಬದುಕಬೇಕೇ? ಹಣ್ಣು ಆರಿಸುವ ಸಾಲಿನಲ್ಲಿ ನಿಲ್ಲುವ ಅರ್ಧ ಹೆಂಗಸರು ಯಾರದೋ ಹೆಸರಿನಲ್ಲಿ ದುಡಿಯುವವರೇ.

ಮೊದಮೊದಲು ಇರ್ಮಾ ಎಂದು ಕೂಗಿದರೆ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ಗಂಡ ಬಿಟ್ಟುಹೋದಾಗ ಅವಳು ಅಳಲಿಲ್ಲ. ಹುಟ್ಟೂರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದ ದಿನವೂ ಕೆಲಸಕ್ಕೆ ಹೋದಳು. ಕಲ್ಲುಮನಸ್ಸು ಅಂದರು ಜೊತೆಯವರು. ಅನ್ನಲಿ, ಅವರಪ್ಪನ ಗಂಟೇನು ಹೋಗಬೇಕು!

ಅವಳಿಗೆ ಉಳಿದವಳು ಒಬ್ಬಳೇ ಮಗಳು, ಯಾರೆಟ್ಸಿ. ಕಂಕುಳ ಕೂಸಾಗಿ ಗಡಿ ದಾಟಿ ಬಂದ ಅವಳಿಗೂ ಕಾಗದಪತ್ರವಿಲ್ಲ. ಈಗ ಫ್ರೆಸ್ನೋದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಇಂಥ ಮಕ್ಕಳ ಓದಿಗೆ ವಾಷಿಂಗ್ಟನ್ನಿನ ಸರ್ಕಾರ ಬಿಡಿಗಾಸು ಬಿಚ್ಚುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಕೊಡುತ್ತದೆ, ಅದಕ್ಕೆ ಬೇರೆಯೇ ಅರ್ಜಿ. ಅರ್ಜಿಗೆ ತಾಯಿಯ ಸಹಿ ಬೇಕು.

"ಮನೆ ವಿಳಾಸ ನಾವೇ ಬರ್ಕೊಡೋದಾ? ಬನ್ನಿ ಸ್ವಾಮಿ, ಹಿಡ್ಕೊಂಡ್ಹೋಗಿ ಅಂತ?" ಎಂದು ಒಬ್ದುಲಿಯಾ ತಳ್ಳುತ್ತಲೇ ಬಂದಿದ್ದಳು.

ಕೊನೆಯ ದಿನ ಹತ್ತಿರವಾದಾಗ ಮಗಳು ಅಂದಳು: "ಸರಿ ಬಿಡು. ನಿನ್ ಶೆಡ್ಡಲ್ಲಿ ನಂಗೂ ಒಂದು ಜಾಗ ನೋಡು."

ಆ ಒಂದು ಮಾತಿಗೆ ಒಬ್ದುಲಿಯಾ ಮಗಳ ಶಾಲೆಯ ಆಫೀಸಿಗೆ ಬಂದು ಕೂತಿದ್ದಳು. ಕಾಲೇಜಿಗೆ ಹೋಗುವ ಮಕ್ಕಳ ಉಸ್ತುವಾರಿ ಅಲ್ಲಿ ಬೆನವಿಡೆಸ್ ಮೇಡಮ್ಮನದು.

"ಹೆದರ್ಬೇಡಿ ಅಕ್ಕಾ," ಎಂದು ಮೇಡಮ್ಮು ಹಾಳೆ ಮುಂದಿಟ್ಟರು. "ಇಲ್ಲೊಂದು ಸಹಿ, ಮುಗೀತು."

ಒಬ್ದುಲಿಯಾ ಪೆನ್ನು ಹಿಡಿದು ಸರ್ರನೆ ಎಳೆದಳು. ಚೆಂದದ ಸಹಿ, ಬ್ಯಾಂಕಿನವನೂ ಮೆಚ್ಚಬೇಕು.

ಯಾರೆಟ್ಸಿ ಬಗ್ಗಿ ನೋಡಿದಳು. "ಅಮ್ಮಾ, ಇರ್ಮಾ ಅಂತ ಯಾಕೆ ಬರ್ದೆ?"

ಶೆಡ್ಡಿನ ಹೆಸರನ್ನು ಒಬ್ದುಲಿಯಾ ಮನೆಯ ಹೊಸಿಲು ದಾಟಿಸಿದವಳೇ ಅಲ್ಲ. ಈಗ ಹೆದರಿಕೆಯಾಗಬೇಕಿತ್ತು, ಹೋಗಲಿ, ನಾಚಿಕೆಯಾದರೂ. ಅವಳಿಗೆ ಏನೂ ಆಗಲಿಲ್ಲ. ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು, ಬೇರೆ ಯಾರದೋ ಕೈ ಎಂಬಂತೆ.

ಮೇಡಮ್ಮು ಆ ಹಾಳೆಯನ್ನು ಹರಿದುಹಾಕಿ ಇನ್ನೊಂದು ತೆಗೆದುಕೊಟ್ಟರು. "ಈಗ ನಿಮ್ ಹೆಸರು ಹಾಕಿ ಅಕ್ಕಾ."

ಮೊದಲ ಅಕ್ಷರ ಬಂತು, ಎರಡನೆಯದೂ ಬಂತು. ಆಮೇಲೆ ಕೈ ನಿಂತುಬಿಟ್ಟಿತು. ಆ ಹೆಸರನ್ನು ಬರೆದು ಎಷ್ಟು ಕಾಲವಾಗಿತ್ತೋ, ದೇವರೇ ಬಲ್ಲ. ಯಾರೆಟ್ಸಿ ಒಂದೊಂದೇ ಅಕ್ಷರ ಹೇಳಿಕೊಟ್ಟಳು, ಅವಳು ಬರೆದಳು. ಒಂದನೇ ಕ್ಲಾಸಿನ ಮಗು ಬರೆದಂತಿತ್ತು. ನಡೆಯುತ್ತದೆ ಎಂದ ಮೇಡಮ್ಮು ಅಲ್ಲೇ ಅರ್ಜಿ ಕಳಿಸಿಯೂಬಿಟ್ಟರು.

ಕಾರಿನ ಹತ್ತಿರ ಬಂದ ಮೇಲೆ ಮಗಳು ಮೆತ್ತಗೆ ಕೇಳಿದಳು: "ಯಾರಮ್ಮಾ ಇರ್ಮಾ?"

"ಇಷ್ಟು ವರ್ಷ ನಿಂಗೆ ಊಟ ಹಾಕ್ದೋಳು."

"ಮತ್ತೆ ನೀನು?"

ಒಬ್ದುಲಿಯಾ ತನ್ನ ಹೆಸರಿನ ಮೊದಲೆರಡು ಅಕ್ಷರ ಹೇಳಿ, ಮೂರನೆಯದಕ್ಕೆ ಮಗಳ ಮುಖ ನೋಡಿದಳು.