ಕಣ್ಣಳತೆಯ ಅಕ್ಕ
ಹೆಂಗಸರ ಬಟ್ಟೆಯಂಗಡಿಯ ಅಕ್ಕನಿಗೆ ಟೇಪು ಬೇಕಿಲ್ಲ; ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟದ ಸುತ್ತಳತೆಯಿಂದ ಹಿಡಿದು ಮನೆಯಲ್ಲಿ ಅತ್ತೆಯ ಜೊತೆ ಜಗಳವಾಗಿದೆಯೋ ಇಲ್ಲವೋ ಎಂಬುದರವರೆಗೆ ಅವಳ ಕಣ್ಣು ಅಳೆದು ಮುಗಿಸಿರುತ್ತದೆ. ನಲವತ್ತು ಅಂಗಿ ಹರವಿಸಿ ಒಂದನ್ನೂ ಕೊಳ್ಳದೆ ಹೊರಟವರಿಗೂ "ನಾಳೆ ಬನ್ನಿ, ಹೊಸ ಮಾಲು ಬರುತ್ತೆ" ಎಂದು ನಗುತ್ತಾಳೆ. ಆದರೆ ಒಪ್ಪದ ಬಟ್ಟೆಯನ್ನು ಒಪ್ಪುತ್ತದೆ ಎನ್ನಲು ಅವಳ ನಾಲಿಗೆ ಹೊರಳದು. "ಈ ಹಳದಿ ಬೇಡಮ್ಮ, ಕಾಮಾಲೆ ಬಂದವರ ಹಾಗೆ ಕಾಣ್ತೀರ" ಎಂದು ಮುಖಕ್ಕೇ ಹೇಳಿದಾಗ ಮಾಲೀಕರು ಗಲ್ಲಾದ ಹಿಂದೆ ತಲೆ ಚಚ್ಚಿಕೊಳ್ಳುತ್ತಾರೆ. ಗಿರಾಕಿ ಮಾತ್ರ ಮುಂದಿನ ಸಲ ತಂಗಿಯನ್ನೂ ಕರೆತರುತ್ತಾಳೆ. ಮೊನ್ನೆ ಮಧ್ಯಾಹ್ನ ಒಬ್ಬ ಹೆಂಗಸು ಕೈಚೀಲವನ್ನು ಎದೆಗೆ ಅವುಚಿಕೊಂಡು ಬಂದು, "ಆಪರೇಷನ್ ಆಗಿದೆ. ಒಂದು ಕಡೆ ಎದೆ ತೆಗೆದುಬಿಟ್ಟಿದ್ದಾರೆ. ದೊಗಲೆ ಇರೋದು ಯಾವುದಾದ್ರೂ ಕೊಡಿ, ಹಾಕಿ ನೋಡೋದೇನೂ ಬೇಡ" ಎಂದಳು. ಅಕ್ಕ ಟ್ರಯಲ್ ರೂಮಿನ ಕನ್ನಡಿಯ ಮೇಲೆ ಹೊಸ ಶಾಲೊಂದನ್ನು ಇಳಿಬಿಟ್ಟು, "ಕನ್ನಡಿ ತನ್ನ ಪಾಡಿಗೆ ತಾನಿರಲಿ. ಮೈಗೆ ಹಿತವಾಗಿದೆಯಾ ಅಂತ ಮಾತ್ರ ಹೇಳಿ" ಎಂದು ನಾಲ್ಕು ಅಂಗಿ ಕೊಟ್ಟು ಒಳಗೆ ಕಳಿಸಿದಳು. ಎದೆಯ ಮೇಲೆ ನೆರಿಗೆಯಿದ್ದ ನೀಲಿ ಅಂಗಿಯ ಸರದಿ ಬಂದಾಗ ಬಾಗಿಲು ಬಹಳ ಹೊತ್ತು ತೆರೆಯಲೇ ಇಲ್ಲ. ಅಕ್ಕ ಹೊರಗೆ ಹರವಿದ್ದ ಬಟ್ಟೆಗಳನ್ನು ಮಡಿಸುತ್ತಾ ನಿಂತಿದ್ದಳು. ಕೊನೆಗೆ ಬಾಗಿಲು ತೆರೆದಾಗ ಶಾಲು ಕನ್ನಡಿಯ ಮೇಲಿರಲಿಲ್ಲ. ಚೆನ್ನಾಗಿ ಮಡಿಸಿ ಆ ಹೆಂಗಸಿನ ಕೈಯಲ್ಲಿತ್ತು. "ಅಕ್ಕಾ, ಇಂಥದ್ದೇ ಅಂಗಿ ಕೆಂಪು ಬಣ್ಣದಲ್ಲೂ ಇದೆಯಾ?"